ಅಣ್ಣನ ಬಲಗಾಲಿನ ಫೋಟೋ

ಕಳೆದ ವರ್ಷ ಜನವರಿಯ ಮೂರನೇ ಬುಧವಾರ ಬೆಳಿಗ್ಗೆ ಎಂಟೂವರೆಗೆ ನನ್ನ ಅಣ್ಣನನ್ನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋದರು. ಎದೆಯ ಮಟ್ಟದಲ್ಲಿ ಅವನ ಬೆನ್ನುಹುರಿ, ತನ್ನನ್ನು ಸುತ್ತಿಕೊಂಡ ಪೊರೆಯಲ್ಲಿದ್ದ ಸೀಳಿನೊಳಗೆ ಜಾರಿ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ ಅದರ ಜಾಗಕ್ಕೆ ತಂದು, ಸೀಳಿಗೆ ತೇಪೆ ಹಾಕಬೇಕಿತ್ತು. ಮಧ್ಯಾಹ್ನ ಎರಡೂಕಾಲಿಗೆ ಮುಗಿಯಿತು. ಒಪ್ಪಿಗೆ ಪತ್ರದಲ್ಲಿ ಮೂರು ಸಹಿಗಳಿದ್ದವು. ಮೊದಲನೆಯದು ಅಣ್ಣನದು, ಎರಡನೆಯದು ಅತ್ತಿಗೆಯದು. ಸಾಕ್ಷಿಯ ಜಾಗದಲ್ಲಿದ್ದದ್ದು ಭಾಯ್ ಸಹಿ. ನಾನು ಆ ಮೇಜಿನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಭಾಯ್ ಸಹಿ ಮಾಡಿದ್ದು ನನ್ನ ಪೆನ್ನಿನಲ್ಲಿ.

ಭಾಯ್ ನಮ್ಮ ಸಂಬಂಧಿಕರಲ್ಲ. ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ನಮ್ಮಪ್ಪ ಕಟ್ಟಿದ ರೇಷ್ಮೆ ಶೆಡ್ಡಿಗೂ ಅವರ ಶೆಡ್ಡಿಗೂ ನಡುವೆ ಒಂದೇ ಗೋಡೆ. ಎರಡಕ್ಕೂ ಸೇರಿ ಒಂದೇ ಬಾಯ್ಲರ್. ಅವರೂ ಅಣ್ಣನೂ ಒಂದೇ ವಯಸ್ಸಿನವರು, ಏಳನೇ ಕ್ಲಾಸಿನವರೆಗೆ ಒಂದೇ ಬೆಂಚು. ಅವರ ಮನೆಯೊಳಗೆ ದಖನಿ, ಅಣ್ಣನ ಜೊತೆ ಕನ್ನಡ. ಅಣ್ಣ ಅವರನ್ನು ‘ಭಾಯ್’ ಅನ್ನುತ್ತಾನೆ, ಅವರು ಅಣ್ಣನನ್ನು ‘ಗುರು’ ಅನ್ನುತ್ತಾರೆ. ನನ್ನನ್ನು ‘ರಿಪೋರ್ಟರ್ ಸಾಬ್’ ಅನ್ನುತ್ತಾರೆ. ಆ ‘ಸಾಬ್’ ಮರ್ಯಾದೆಯೋ ಗೇಲಿಯೋ ನನಗೆ ಇವತ್ತಿಗೂ ಖಚಿತವಿಲ್ಲ.

ನಾನು ಅಣ್ಣನಿಗಿಂತ ಆರು ವರ್ಷ ಚಿಕ್ಕವನು. ದೇವನಹಳ್ಳಿಯಲ್ಲಿದ್ದುಕೊಂಡು ಒಂದು ಕನ್ನಡ ದಿನಪತ್ರಿಕೆಗೆ ತಾಲ್ಲೂಕು ವರದಿಗಾರನಾಗಿ ಕೆಲಸ ಮಾಡುತ್ತೇನೆ. ಈ ಕೆಲಸಕ್ಕೆ ಬರಲು ಕಾರಣ ನನ್ನ ಬೆರಳುಗಳು. ರೇಷ್ಮೆ ಗೂಡನ್ನು ಬಿಸಿನೀರಿನ ಬೇಸಿನ್ನಿನಲ್ಲಿ ಬೇಯಿಸಿ, ನೀರೊಳಗೆ ಬೆರಳಾಡಿಸಿ ಎಳೆಯ ತುದಿ ಹುಡುಕಿ ರಾಟೆಗೆ ಕೊಡಬೇಕು. ಹದಿನೈದನೇ ವಯಸ್ಸಿನಲ್ಲಿ ಅಪ್ಪ ನನ್ನನ್ನು ಬೇಸಿನ್ನಿನ ಮುಂದೆ ಕೂರಿಸಿದರು. ನಾನು ಪ್ರತಿ ಸಲವೂ ಕೈ ಹಿಂದಕ್ಕೆ ಎಳೆದುಕೊಂಡೆ. ಒಂದು ವಾರ ನೋಡಿ ಅಪ್ಪ ಅಂದರು, “ಇವನ್ ಕೈಗೆ ಬಿಸಿ ಆಗ್ಬರಲ್ಲ. ಪೆನ್ನು ಹಿಡ್ಕೊಳ್ಲಿ.” ಪಕ್ಕದ ಬೇಸಿನ್ನಿನಲ್ಲಿ ಅಣ್ಣ, ಅದರಾಚೆ ಭಾಯ್ ಕೂತಿದ್ದರು. ಇಬ್ಬರೂ ನಕ್ಕರು. ಅಣ್ಣ ನಕ್ಕದ್ದು ನನಗೆ ಬೇಸರವಾಗಲಿಲ್ಲ.

ಆ ಶೆಡ್ಡುಗಳಲ್ಲಿ ಬಿಸಿಗೆ ಅಳುಕದಿರುವುದು ಒಂದು ಗೌರವ. ‘ಪಳಗಿದ ಕೈ’ ಅನ್ನುತ್ತಾರೆ. ಹೊಸಬರು ಬೇಸಿನ್ನಿಗೆ ಕೈಯಿಟ್ಟು ‘ಹಾ’ ಅಂದರೆ ಸಂಜೆಯವರೆಗೆ ಅದೇ ಹಾಸ್ಯ. ಕೈ ಪಳಗಿದ ಮೇಲೆ ಕಾಲೂ ಪಳಗುತ್ತದೆ ಎಂದು ಎಲ್ಲರೂ ನಂಬಿದ್ದರು. ನೆಲದ ಮೇಲೆ ಬಿಸಿನೀರು ಚೆಲ್ಲುತ್ತಲೇ ಇರುತ್ತದಲ್ಲ. ಈ ನಂಬಿಕೆಯನ್ನು ನಾನೂ ನಂಬಿದ್ದೆ, ಮುದ್ರಿಸಿದ್ದೆ ಕೂಡ.

ಭಾಯ್ ಬಗ್ಗೆ ನನಗಿದ್ದದ್ದು ಹೊಟ್ಟೆಕಿಚ್ಚು. ಬೇರೆ ಮೆದುವಾದ ಪದ ಹುಡುಕಿ ಪ್ರಯೋಜನವಿಲ್ಲ. ನನ್ನ ಕೆಲಸದಲ್ಲಿ ಸುದ್ದಿ ಮೊದಲು ಯಾರಿಗೆ ಸಿಕ್ಕಿತು ಎನ್ನುವುದೇ ಲೆಕ್ಕ. ಅಣ್ಣನ ಮನೆಯ ಸುದ್ದಿ ಮೊದಲು ಸಿಗುತ್ತಿದ್ದದ್ದು ಭಾಯ್‌ಗೆ. ಅಣ್ಣನ ಮಗಳ ಮದುವೆ ನಿಶ್ಚಯವಾದದ್ದನ್ನು ನಾನು ತಿಳಿದದ್ದು ವಿಜಯಪುರದ ಬಸ್ ಸ್ಟ್ಯಾಂಡಿನಲ್ಲಿ. ಭಾಯ್ ಕೈಯಲ್ಲಿ ಸ್ವೀಟಿನ ಡಬ್ಬ ಹಿಡಿದು ನಿಂತಿದ್ದರು.

“ಏನ್ ರಿಪೋರ್ಟರ್ ಸಾಬ್, ಊರೋರ್ ನ್ಯೂಸೆಲ್ಲ ಬರೀತೀರ, ಮನೆ ನ್ಯೂಸೇ ಮಿಸ್ಸಾ? ತಗೊಳಿ, ಬಾಯಿ ಸಿಹಿ ಮಾಡ್ಕೊಳಿ.”

ಒಂದು ಮೈಸೂರುಪಾಕು ತೆಗೆದುಕೊಂಡು, “ನನಗೆ ಮೊದಲೇ ಗೊತ್ತಿತ್ತು ಭಾಯ್,” ಅಂದೆ. ಗೊತ್ತಿರಲಿಲ್ಲ.

ಆರು ವರ್ಷದ ಹಿಂದೆ ಪತ್ರಿಕೆಯ ವಿಶೇಷ ಪುಟಕ್ಕೆ ರೀಲರ್‌ಗಳ ಬಗ್ಗೆ ಬರೆಯಲು ಹೇಳಿದರು. ನೂಲು ಬಿಚ್ಚುವವರನ್ನು ನಮ್ಮ ಕಡೆ ರೀಲರ್ ಎಂದೇ ಕರೆಯುತ್ತಾರೆ. ನಾನು ಅಣ್ಣನ ಶೆಡ್ಡಿಗೇ ಹೋದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಒಂದು ಬೇಸಿನ್ನಿನ ನೀರು ಉಕ್ಕಿ ನೆಲಕ್ಕೆ ಹರಿಯಿತು. ಅಲ್ಲಿದ್ದ ಹೆಂಗಸರು ಕಾಲೆತ್ತಿ ಹಿಂದೆ ಸರಿದರು. ಅಣ್ಣ ಬರಿಗಾಲಲ್ಲಿ ನಿಂತಿದ್ದ, ಸರಿಯಲಿಲ್ಲ. ಬಲಗಾಲು ಆ ನೀರಿನೊಳಗೇ ಇತ್ತು, ಅದರ ಸುತ್ತ ಹಬೆ ಏಳುತ್ತಿತ್ತು.

“ಸುಡಲ್ವೇನಣ್ಣ?” ಅಂದೆ.

“ಸುಡಾಕೆ ಇದೇನು ನಿನ್ ಕಾಲಾ?”

ಎಲ್ಲರೂ ನಕ್ಕರು. ಭಾಯ್ ನಗಲಿಲ್ಲ. ತೊಟ್ಟಿಯಿಂದ ಒಂದು ಮಗ್ ತಣ್ಣೀರು ತಂದು ಬಗ್ಗಿ ಆ ಕಾಲಿನ ಮೇಲೆ ಸುರಿದರು. “ಗುರು, ಕಾಲ್ ತೆಗಿಯೋ. ಕೆಂಪಗಾಗೈತೆ ನೋಡು.”

“ಹೋಗಲಾ, ನೀನೊಬ್ಬ ನರ್ಸಮ್ಮ,” ಅಂದ ಅಣ್ಣ, ನನ್ನ ಕಡೆ ನೋಡಿ ನಗುತ್ತಾ. ನಾನು ಫೋಟೋ ತೆಗೆದದ್ದು ಆ ಕ್ಷಣದಲ್ಲಿ. ಚೆನ್ನಾಗಿ ಬಂದಿತ್ತು. ಹಬೆ, ನಗು, ನೀರಲ್ಲಿರುವ ಕಾಲು, ಅರ್ಧ ಚೌಕಟ್ಟು ತುಂಬಿಕೊಂಡು ಬಗ್ಗಿದ ಭಾಯ್.

ಸಂಜೆ ಕಳಿಸುವ ಮೊದಲು ನಾನು ಭಾಯ್ ಇದ್ದ ಭಾಗವನ್ನು ಕತ್ತರಿಸಿದೆ. ಡೆಸ್ಕಿನವರು ಹೇಳಿರಲಿಲ್ಲ. ನಮ್ಮಪ್ಪ ಕಟ್ಟಿದ ಶೆಡ್ಡು, ನನ್ನ ಅಣ್ಣ, ನನ್ನ ಲೇಖನ. ಅದರಲ್ಲೂ ಇವರೇ ಯಾಕೆ ಎಂದು ಅನ್ನಿಸಿದ್ದು ನೆನಪಿದೆ. ಕತ್ತರಿ ಮಗ್ಗಿನ ಅಂಚಿನಲ್ಲಿ ಬಿತ್ತು. ಅಚ್ಚಾದ ಫೋಟೋದಲ್ಲಿ ಎಡ ಅಂಚಿನಿಂದ ಒಂದು ನೀರಿನ ಧಾರೆ ಅಣ್ಣನ ಕಾಲಿಗೆ ಬೀಳುತ್ತದೆ. ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುವುದಿಲ್ಲ. ತಲೆಬರಹ ‘ಕುದಿನೀರಿಗೂ ಅಳುಕದ ಕಾಲು’. ಫೋಟೋ ಎರಡು ಕಾಲಂ. ಪಕ್ಕದಲ್ಲಿ ಉಳಿದ ಒಂದು ಕಾಲಂಗೆ ಡೆಸ್ಕಿನವರು ಸುಭಾಷಿತ ಹಾಕಿದ್ದರು.

ಅಣ್ಣ ಆ ತುಣುಕಿಗೆ ಲ್ಯಾಮಿನೇಷನ್ ಮಾಡಿಸಿ ಬೇಸಿನ್ನಿನ ಮೇಲಿನ ಗೋಡೆಗೆ ಹೊಡೆಸಿದ. ಭಾಯ್ ಅದರ ಮುಂದೆ ನಿಂತು ನೋಡಿದರು.

“ನಾನೆಲ್ಲಿ ಸಾಬ್?”

“ಜಾಗ ಇರ್ಲಿಲ್ಲ ಭಾಯ್. ಎರಡೇ ಕಾಲಂ ಕೊಟ್ರು.”

“ನನ್ ಹೊಟ್ಟೆ ಎರಡು ಕಾಲಂಗೆಲ್ಲಿ ಹಿಡಿಸುತ್ತೆ ಬಿಡಿ,” ಎಂದು ಹೊಟ್ಟೆ ತಟ್ಟಿಕೊಂಡರು.

ಅದಾಗಿ ನಾಲ್ಕು ವರ್ಷಕ್ಕೆ ಅಣ್ಣನ ಎಡಗಾಲು ಎಳೆಯಲು ಶುರುವಾಯಿತು. ನಾನು ವಾರಕ್ಕೊಮ್ಮೆಯಾದರೂ ಅವನನ್ನು ನೋಡುತ್ತಿದ್ದೆ. ನನಗೆ ಕಾಣಲಿಲ್ಲ. ಭಾಯ್ ಕಂಡದ್ದು ಅಣ್ಣನ ಕಾಲನ್ನೂ ಅಲ್ಲ, ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನು. ಎಡಗಾಲಿನದು ಮಾತ್ರ ತುದಿಯಲ್ಲಿ ಸವೆದು ಹೆಬ್ಬೆರಳಿನ ಕೆಳಗೆ ತೂತು ಬಿದ್ದಿತ್ತು. ಬಲಗಾಲಿನದು ಹೊಸದರಂತಿತ್ತು. ಭಾಯ್ ಆ ಎರಡನ್ನೂ ಒಂದರ ಪಕ್ಕ ಒಂದಿಟ್ಟು ನನಗೆ ತೋರಿಸಿದರು.

“ಒಂದೇ ದಿನ ತಗೊಂಡಿದ್ದು ಸಾಬ್. ನೋಡಿ.”

ಮೂರು ದಿನದಲ್ಲಿ ನಾನು ಅಣ್ಣನನ್ನು ನನಗೆ ಪರಿಚಯವಿದ್ದ ಒಬ್ಬ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಭಾಯ್ ತಾವೇ ಹೊರಟು ಬಂದಿದ್ದರು. ಬಾಗಿಲಲ್ಲಿ ‘ರೋಗಿಯ ಜೊತೆ ಒಬ್ಬರು ಮಾತ್ರ’ ಎಂದು ಬೋರ್ಡಿತ್ತು. ಆ ಬೋರ್ಡನ್ನು ಅಲ್ಲಿ ಯಾರೂ ಪಾಲಿಸುತ್ತಿರಲಿಲ್ಲ. ನಾನು ಅದನ್ನು ಭಾಯ್‌ಗೆ ತೋರಿಸಿದೆ. ಅವರು ಹೊರಗಿನ ಬೆಂಚಿನ ಮೇಲೆ ಕೂತರು.

ಒಳಗೆ ನಾನು ವರದಿ ಕೊಡುವ ಹಾಗೆ ಹೇಳಿದೆ. ಯಾವ ಕಾಲು, ಯಾವಾಗಿನಿಂದ, ಎಷ್ಟು ದೂರ ನಡೆದರೆ, ಮೆಟ್ಟಿಲಲ್ಲಿ ಏನಾಗುತ್ತದೆ. ಅಣ್ಣನಿಗೆ ಬಾಯಿ ತೆರೆಯಲು ಬಿಡಲಿಲ್ಲ. ಎಡಗಾಲಿನ ಬಗ್ಗೆ ಎಲ್ಲ ಹೇಳಿದೆ. ಬಲಗಾಲಿನ ಬಗ್ಗೆ ಒಂದು ಮಾತೂ ಹೇಳಲಿಲ್ಲ, ಏಕೆಂದರೆ ಅದು ಕಾಯಿಲೆ ಎಂದು ನನಗೆ ಗೊತ್ತಿರಲಿಲ್ಲ. ವೈದ್ಯರು ಸೊಂಟದ ಸ್ಕ್ಯಾನ್ ಮಾಡಿಸಿದರು. ಆ ವಯಸ್ಸಿನಲ್ಲಿ ಎಷ್ಟೋ ಜನರಿಗೆ ಇರುವಂತೆ ಒಂದು ಡಿಸ್ಕ್ ಸ್ವಲ್ಪ ಹೊರಗೆ ಬಂದಿತ್ತು. ‘ಡಿಸ್ಕ್ ತೊಂದರೆ’ ಎಂದು ಬರೆದರು. ಬೆಲ್ಟ್, ಮಾತ್ರೆ, ವ್ಯಾಯಾಮ.

ಗೇಟಿನ ಹತ್ತಿರ ಭಾಯ್ ಕೇಳಿದರು. “ಬಿಸಿ ಗೊತ್ತಾಗಲ್ಲ ಅಂತ ಹೇಳಿದ್ರಾ ಸಾಬ್?”

“ರೀಲರ್ ಕಾಲು ಭಾಯ್ ಅದು. ನಿಮಗೆ ಮಾತ್ರ ಗೊತ್ತಾಗುತ್ತಾ?”

“ನಂಗೆ ಗೊತ್ತಾಗುತ್ತೆ. ತಡ್ಕೊಂತೀನಿ. ಅವನಿಗೆ ಗೊತ್ತೇ ಆಗಲ್ಲ. ಎರಡೂ ಬೇರೆ ಅಲ್ವಾ?”

“ಡಾಕ್ಟರ್ ಅವರಾ, ನೀವಾ?”

ಬಸ್ಸಿನಲ್ಲಿ ಅಣ್ಣನ ಪಕ್ಕದ ಸೀಟಿನಲ್ಲಿ ನಾನು ಕೂತೆ.

ಮುಂದಿನ ಹನ್ನೊಂದು ತಿಂಗಳು ಅಣ್ಣ ಬೆಲ್ಟ್ ಕಟ್ಟಿಕೊಂಡು ಓಡಾಡಿದ. ಡಿಸ್ಕ್ ಆಪರೇಷನ್ ಮಾಡಿಸಿಕೊಂಡು ಮೂರನೇ ದಿನ ಎದ್ದು ನಡೆದವರ ಕತೆಗಳನ್ನು ಕಂಡವರೆಲ್ಲ ಹೇಳಿದರು. ಅಣ್ಣನ ಎಡಗಾಲು ಮೊದಲು ಮೆಟ್ಟಿಲಲ್ಲಿ ತಡವರಿಸಿತು, ಆಮೇಲೆ ಸಮನೆಲದಲ್ಲಿ. ಅವನು ಗೋಡೆ ಹಿಡಿದು ಬೇಸಿನ್ನಿಗೆ ಹೋಗುತ್ತಿದ್ದ. ಆಮೇಲೆ ಗೋಡೆಯ ಬದಲು ಭಾಯ್ ಭುಜ ಹಿಡಿದು ಹೋಗುತ್ತಿದ್ದ. ನಾನು ಹೋದ ದಿನ ನನ್ನ ಭುಜ ಕೊಟ್ಟೆ. “ನೀನು ಎತ್ತರ ಕಣೋ, ನಂಗೆ ಸರಿಹೋಗಲ್ಲ,” ಅಂದ.

ಆ ವರ್ಷದ ನವೆಂಬರಿನಲ್ಲಿ ಒಂದು ಮಧ್ಯಾಹ್ನ ಟೀ ಕುಡಿಯುವಾಗ ಅಣ್ಣ ಬಲಗಾಲನ್ನು ಬಾಯ್ಲರಿನ ಹಬೆ ಪೈಪಿಗೆ ಒರಗಿಸಿಕೊಂಡು ಕೂತಿದ್ದ. ವಾಸನೆ ಬಂದು ನೋಡಿದ್ದು ಭಾಯ್. ಮೀನಖಂಡದ ಚರ್ಮ ಪೈಪಿಗೆ ಅಂಟಿತ್ತು. ಅಣ್ಣನ ಕೈಯಲ್ಲಿ ಟೀ ಲೋಟ ಹಾಗೇ ಇತ್ತು.

ಭಾಯ್ ನನಗೆ ಫೋನ್ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಅಣ್ಣನನ್ನು ಕಾರಿನಲ್ಲಿ ಕೂರಿಸಿಕೊಂಡು ಬೆಂಗಳೂರಿಗೆ, ನರರೋಗ ತಜ್ಞರೊಬ್ಬರ ಹತ್ತಿರ ಹೊರಟರು. ನನಗೆ ಹೇಳಿದ್ದು ಅತ್ತಿಗೆ, ಅವರು ಹೊರಟು ಒಂದು ಗಂಟೆಯಾದ ಮೇಲೆ.

“ನಿಂಗ್ ಹೇಳಿಲ್ವಾಪ್ಪ? ನಿಂಗೆ ಹೇಳೇ ಹೋಗಿರ್ತಾರೆ ಅನ್ಕೊಂಡೆ.”

“ಹೇಳಿದ್ರು ಅತ್ತಿಗೆ,” ಅಂದೆ.

ನಾನು ಆಸ್ಪತ್ರೆ ತಲುಪಿದಾಗ ಇಬ್ಬರೂ ಒಳಗಿದ್ದರು. ಇಲ್ಲಿಯೂ ಬಾಗಿಲಲ್ಲಿ ಅದೇ ಬೋರ್ಡು. ಇಲ್ಲಿ ಅದನ್ನು ಪಾಲಿಸುತ್ತಿದ್ದರು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಇಪ್ಪತ್ತೈದು ನಿಮಿಷ ಕೂತೆ. ಆಮೇಲೆ ಬಾಗಿಲು ತೆರೆದು ಭಾಯ್ ತಲೆ ಹೊರಗೆ ಹಾಕಿದರು. ನನ್ನನ್ನು ಕಂಡು ಅವರಿಗೆ ಆಶ್ಚರ್ಯವಾಗಲಿಲ್ಲ.

“ಬಂದ್ರಾ? ಒಳ್ಳೇದಾಯ್ತು. ಒಳಗ್ ಬನ್ನಿ ಸಾಬ್. ಫೋಟೋ ಬೇಕಾಗುತ್ತೆ.”

ಒಳಗೆ ವೈದ್ಯೆ ಎರಡು ಗಾಜಿನ ಕೊಳವೆ ಹಿಡಿದಿದ್ದರು. ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು. ಅಣ್ಣ ಕಣ್ಣು ಮುಚ್ಚಿ ಮಂಚದ ಮೇಲೆ ಮಲಗಿದ್ದ. ಎಡಗಾಲಿಗೆ ಮುಟ್ಟಿಸಿದಾಗ ಸರಿಯಾಗಿ ಹೇಳಿದ. ಬಲಗಾಲಿಗೆ ಎರಡನ್ನೂ ಮುಟ್ಟಿಸಿದಾಗ “ಏನೋ ಮುಟ್ತು” ಅಂದ. ಅವರು ಕೊಳವೆಯನ್ನು ಮೇಲೆ ಮೇಲೆ ಸರಿಸುತ್ತಾ ಹೋದರು. ಬಲಗಡೆ ಪಕ್ಕೆಲುಬಿನ ಹತ್ತಿರ ಬಂದಾಗ ಅಣ್ಣ “ಬಿಸಿ!” ಅಂದ. ಅಲ್ಲಿ ಅವರು ಪೆನ್ನಿನಿಂದ ಒಂದು ಗೆರೆ ಹಾಕಿದರು. ಶಕ್ತಿ ಕಡಿಮೆಯಾದ ಕಾಲು ಒಂದು, ಬಿಸಿ ತಿಳಿಯದ ಕಾಲು ಇನ್ನೊಂದು. ಹೀಗಿದ್ದರೆ ತೊಂದರೆ ಸೊಂಟದಲ್ಲಿ ಅಲ್ಲ, ಮೇಲೆ ಬೆನ್ನುಹುರಿಯಲ್ಲೇ ಇರಬೇಕು ಎಂದರು.

“ಬಲಗಾಲಿಗೆ ಬಿಸಿ ಗೊತ್ತಾಗದೆ ಎಷ್ಟು ದಿನ ಆಯ್ತು?”

“ಒಂದ್ ವರ್ಷ ಆಗಿರ್ಬಹುದು ಮೇಡಂ,” ಅಂದ ಅಣ್ಣ.

“ಇಲ್ಲ ಮೇಡಂ,” ಅಂದರು ಭಾಯ್. “ಪೇಪರ್ರಲ್ಲಿ ಫೋಟೋ ಬಂತಲ್ಲ, ಆವತ್ತೇ ಗೊತ್ತಾಗ್ತಿರ್ಲಿಲ್ಲ. ನಾನೇ ತಣ್ಣೀರ್ ಹಾಕಿದ್ದು. ಆದ್ರೆ ಫೋಟೋದಲ್ಲಿ ನಾನಿಲ್ಲ. ಜಾಗ ಇರ್ಲಿಲ್ಲ.”

ವೈದ್ಯೆ ನನ್ನ ಕಡೆ ನೋಡಿದರು. “ಆ ಫೋಟೋ ಇದೆಯಾ? ದಿನಾಂಕ ಸಿಗುತ್ತಾ?”

ನನ್ನ ಹಳೆಯ ಮೇಲ್‌ನಲ್ಲಿ ಎರಡೂ ಇದ್ದವು: ಕಳಿಸಿದ್ದು, ಮತ್ತು ಕತ್ತರಿಸದೆ ಉಳಿದದ್ದು. ಕಳಿಸಿದ್ದರಲ್ಲಿ ಅವರು ಕೇಳಿದ್ದಕ್ಕೆ ಉತ್ತರವಿರಲಿಲ್ಲ. ಕೆಂಪಾದ ಪಾದದ ಅರ್ಧ ಭಾಗ ಕತ್ತರಿಯ ಆಚೆ ಹೋಗಿತ್ತು. ಕತ್ತರಿಸದ ಫೋಟೋವನ್ನು ತೆರೆದು ಫೋನನ್ನು ಮೇಜಿನ ಮೇಲಿಟ್ಟೆ. ನಾಲ್ಕೂ ಜನ ಬಗ್ಗಿ ನೋಡಿದೆವು. ವೈದ್ಯೆ ಪಾದವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿದರು. ಚರ್ಮ ಕೆಂಪಾಗಿತ್ತು, ಕಿರುಬೆರಳಿನ ಹತ್ತಿರ ಗುಳ್ಳೆ ಎದ್ದಿತ್ತು. ಅಣ್ಣನ ಮುಖದಲ್ಲಿ ನಗು. ಬಗ್ಗಿದ ಭಾಯ್, ಮಗ್, ಮಗ್ಗಿನಿಂದ ಬೀಳುತ್ತಿರುವ ನೀರು. ಅವರ ಪಕ್ಕದಲ್ಲಿ ಇನ್ನೂ ಒಂದಿಷ್ಟು ಬರೀ ಗೋಡೆ.

ಭಾಯ್ ಬಹಳ ಹೊತ್ತು ನೋಡಿದರು.

“ಜಾಗ ಇತ್ತಲ್ಲ ಸಾಬ್,” ಅಂದರು.

ವೈದ್ಯೆ ಅಣ್ಣನನ್ನು ಕೇಳಿದರು. “ಈ ನೀರು ತಣ್ಣಗಿದೆ ಅಂತ ಆಗ ಗೊತ್ತಾಗಿತ್ತಾ ನಿಮಗೆ?”

“ನೀರ್ ಬಿತ್ತು ಅಂತ ಗೊತ್ತಾಯ್ತು ಮೇಡಂ. ತಣ್ಣೀರು ಅಂತ ಈಗ್ಲೇ ಗೊತ್ತಾಗಿದ್ದು.”

ಅವರು ಫೋಟೋದ ದಿನಾಂಕವನ್ನು ಫೈಲಿನಲ್ಲಿ ಬರೆದುಕೊಂಡರು. ಕಾಯಿಲೆಯ ಮೊದಲ ದಾಖಲೆ ಎಂದು ಆ ಫೈಲಿನಲ್ಲಿರುವುದು ನಾನು ತೆಗೆದ ಫೋಟೋ. ಆಗ ಎರಡೂ ಕಾಲುಗಳಲ್ಲಿ ಪೂರ್ತಿ ಶಕ್ತಿ ಇತ್ತು ಎಂಬುದನ್ನೂ ಅವರು ಕೇಳಿ ಬರೆದುಕೊಂಡರು. ಎಡಗಾಲು ಹೆಚ್ಚು ಕೆಟ್ಟದ್ದು ಯಾವಾಗ ಎಂದು ಕೇಳಿದರು. ಈ ಹನ್ನೊಂದು ತಿಂಗಳಲ್ಲಿ ಎಂದು ನಾನು ಹೇಳಿದೆ. ಅದನ್ನೂ ಬರೆದುಕೊಂಡರು.

ಎದೆಯ ಮಟ್ಟದ ಸ್ಕ್ಯಾನಿನಲ್ಲಿ ಕಾರಣ ಕಂಡಿತು. ನೇರವಾಗಿ ಇಳಿಯಬೇಕಾದ ಬೆನ್ನುಹುರಿ ಒಂದು ಕಡೆ ಮುಂದಕ್ಕೆ ಬಾಗಿ ಮೂಳೆಗೆ ಅಂಟಿಕೊಂಡಂತಿತ್ತು. ಆಪರೇಷನ್ ಮಾಡುವ ವೈದ್ಯರು ವಿವರಿಸಿದ್ದನ್ನು ನಾನು ಬರೆದುಕೊಂಡೆ. ಬೆನ್ನುಹುರಿಯ ಸುತ್ತ ನೀರು ತುಂಬಿದ ಒಂದು ಚೀಲದಂಥ ಪೊರೆಯಿದೆ. ಅದರ ಮುಂಭಾಗದಲ್ಲಿ ಎಲ್ಲೋ ಒಂದು ಸೀಳು. ಹುಟ್ಟಿನಿಂದಲೇ ಇದ್ದಿರಬಹುದು, ಆಮೇಲೆ ಆದದ್ದಿರಬಹುದು, ಹೇಳಲು ಬರುವುದಿಲ್ಲ. ವರ್ಷಗಳಲ್ಲಿ ಹುರಿ ನಿಧಾನವಾಗಿ ಅದರೊಳಗೆ ಜಾರಿದೆ. ಜಾರಿದಷ್ಟೂ ಹಿಸುಕುತ್ತದೆ. ಇದು ಬಹಳ ಅಪರೂಪ. ಡಿಸ್ಕ್ ಎಂದುಕೊಂಡು ತಡವಾಗುವುದು ಅಪರೂಪವಲ್ಲ. ಬಿಟ್ಟರೆ ಎಡಗಾಲು ಪೂರ್ತಿ ಹೋಗಬಹುದು. ಆಪರೇಷನ್ ಮಾಡಿದರೆ ಕೆಡುವುದು ನಿಲ್ಲುತ್ತದೆ ಎಂದು ನಿರೀಕ್ಷೆ, ಎಡಗಾಲಿನ ಶಕ್ತಿ ಎಷ್ಟೋ ಮರಳಬಹುದು, ಬಲಗಾಲಿನ ಬಿಸಿ ಮರಳದೆಯೂ ಇರಬಹುದು. ಬಿಡಿಸುವಾಗ ಹುರಿಗೆ ಪೆಟ್ಟಾದರೆ ಎರಡೂ ಕಾಲು ಹೋಗುವ ಅಪಾಯವೂ ಇದೆ.

ಆ ವಾರ ನಾನು ಸಿಕ್ಕಿದ್ದನ್ನೆಲ್ಲ ಓದಿದೆ. ಹನ್ನೆರಡು ಪುಟ ಟಿಪ್ಪಣಿ ಮಾಡಿ ಭಾನುವಾರ ಶೆಡ್ಡಿಗೆ ಹೋದೆ. ಬೇಸಿನ್‌ಗಳು ನಿಂತಿದ್ದವು. ಅಣ್ಣ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ, ಮೀನಖಂಡಕ್ಕೆ ಬ್ಯಾಂಡೇಜು. ಭಾಯ್ ನೆಲದ ಮೇಲೆ ಕೂತು ಹುಳುಕು ಗೂಡು ಆರಿಸುತ್ತಿದ್ದರು. ನಾನು ಟಿಪ್ಪಣಿಯಿಂದ ಓದಿ ಹೇಳಿದೆ. ಅಣ್ಣ ಪೂರ್ತಿ ಕೇಳಿದ. ಕೇಳಿ ಭಾಯ್ ಕಡೆ ತಿರುಗಿದ.

“ಏನಲಾ ಮಾಡಾಣ?”

ಭಾಯ್ ಕೈಯಲ್ಲಿದ್ದ ಗೂಡನ್ನು ಪಕ್ಕಕ್ಕಿಟ್ಟರು. “ಎಳೆ ಸಿಕ್ಕಾಕೊಂಡ್ರೆ ಎಳೀತೀಯಾ?”

“ಎಳುದ್ರೆ ತುಂಡಾಗ್ತದೆ.”

“ಮತ್ತೆ?”

“ಸಡಿಲ ಬಿಟ್ಟು ಬಿಡುಸ್ಬೇಕು.”

“ಆ ಡಾಕ್ಟ್ರು ಏನಂದ್ರು? ಎಳಿಯಲ್ಲ, ಸುತ್ತ ಜಾಗ ಮಾಡಿ ಬಿಡುಸ್ತೀನಿ ಅಂದ್ರು. ಕೆಲ್ಸ ಗೊತ್ತಿರೋರ್ ಮಾತು ಅದು. ನಂಗೆ ಅಷ್ಟೇ ಗೊತ್ತು ಗುರು.”

“ಆಯ್ತು, ಮಾಡುಸ್ಕೋತೀನಿ,” ಅಂದ ಅಣ್ಣ. ಆಮೇಲೆ ನನಗೆ, “ನೀನು ಓದುದ್ದೂ ಚೆನ್ನಾಗಿತ್ತು ಕಣೋ,” ಅಂದ.

ಹನ್ನೆರಡು ಪುಟವನ್ನು ಮಡಿಚಿ ಜೇಬಿಗಿಟ್ಟುಕೊಂಡೆ. ಅದೇ ನಿರ್ಧಾರಕ್ಕೆ ನನ್ನ ಟಿಪ್ಪಣಿಯ ಒಂಬತ್ತನೇ ಪುಟದಲ್ಲೂ ಕಾರಣಗಳಿದ್ದವು.

ಆಪರೇಷನ್ ದಿನ ನಾವು ಮೂವರು ಮೂರನೇ ಮಹಡಿಯ ಕುರ್ಚಿಗಳಲ್ಲಿ ಕೂತಿದ್ದೆವು. ಅತ್ತಿಗೆ ಕಣ್ಣು ಮುಚ್ಚಿ ಬಾಯೊಳಗೇ ಏನೋ ಹೇಳಿಕೊಳ್ಳುತ್ತಿದ್ದರು. ಭಾಯ್ ಕೈಯಲ್ಲಿ ಜಪಮಣಿ ಇತ್ತು. ನಾನು ಸಮಯ ಬರೆದುಕೊಳ್ಳುತ್ತಿದ್ದೆ. ಹತ್ತೂವರೆಗೆ ಒಬ್ಬರು ಬಂದು ಬೆನ್ನು ತೆರೆದಿದೆ ಎಂದರು. ಹನ್ನೆರಡೂ ಇಪ್ಪತ್ತಕ್ಕೆ ಹುರಿ ಕಂಡಿದೆ, ಕಾಲಿನ ನರಗಳ ಸಂಕೇತ ಯಂತ್ರದಲ್ಲಿ ಸರಿಯಾಗಿ ಬರುತ್ತಿದೆ ಎಂದರು. ಆಮೇಲೆ ಎರಡು ಗಂಟೆ ಯಾರೂ ಬರಲಿಲ್ಲ.

ಎರಡೂಕಾಲಿಗೆ ವೈದ್ಯರು ಬಾಗಿಲಿಗೆ ಬಂದು, “ಪೇಷಂಟ್ ಕಡೆಯವರು?” ಅಂದರು. ಭಾಯ್ ಥಟ್ಟನೆ ಎದ್ದರು. ಎದ್ದವರು ನಿಂತರು. “ನೀವ್ ಹೋಗಿ ಸಾಬ್. ತಮ್ಮ ನೀವು,” ಅಂದು ಮತ್ತೆ ಕೂತರು.

ನಾನು ಹೋದೆ. ಸೀಳು ನಿರೀಕ್ಷಿಸಿದ್ದಕ್ಕಿಂತ ಉದ್ದವಿತ್ತು, ಹುರಿಯನ್ನು ಬಿಡಿಸಿ ಅದರ ಮುಂದೆ ತೆಳುವಾದ ತೇಪೆ ಸೇರಿಸಿದ್ದೇವೆ, ಮತ್ತೆ ಜಾರದಂತೆ. ಮೂರು ದಿನ ಮಟ್ಟಸವಾಗಿ ಮಲಗಿರಬೇಕು. ಇಷ್ಟನ್ನು ಕೇಳಿಕೊಂಡು ಬಂದು ಹೇಳಿದೆ. ಭಾಯ್ ಕೇಳಿದ್ದು ಒಂದೇ. “ಕಾಲು ಆಡುಸ್ತಾನಾ?” ಅದನ್ನು ನಾನು ಕೇಳಿರಲಿಲ್ಲ. ತಮ್ಮನ ಜಾಗ ಬಿಟ್ಟುಕೊಟ್ಟವರು ಅವರು. ಆ ಜಾಗದಲ್ಲಿ ನಿಂತು ಕೇಳಬೇಕಾದ ಪ್ರಶ್ನೆಯನ್ನು ಬಿಟ್ಟವನು ನಾನು. ಅವರಿಗೆ ಹಾಗೆ ಎದ್ದು ಮತ್ತೆ ಕೂರಲು ಬಂತಲ್ಲ ಎನ್ನುವುದಕ್ಕೂ ನನಗೆ ಹೊಟ್ಟೆ ಉರಿಯಿತು.

ಐದು ಗಂಟೆಗೆ ಒಬ್ಬರನ್ನು ಮಾತ್ರ ಒಳಗೆ ಬಿಟ್ಟರು. ಅತ್ತಿಗೆ ನನ್ನನ್ನೇ ಕಳಿಸಿದರು. ಅಣ್ಣ ಕಣ್ಣು ಬಿಟ್ಟ. ನನ್ನನ್ನು ಗುರುತಿಸಿದ. ನರ್ಸ್ ಹೇಳಿದ ಮೇಲೆ ಎರಡೂ ಪಾದ ಅಲ್ಲಾಡಿಸಿದ, ಎಡದ್ದು ಸ್ವಲ್ಪವೇ. ತುಟಿ ಒಣಗಿತ್ತು. ಬಗ್ಗಿ ಕಿವಿ ಕೊಟ್ಟೆ.

“ಭಾಯ್ ಎಲ್ಲಿ?” ಅಂದ.

“ಹೊರಗಿದ್ದಾರೆ.”

“ಊಟ ಮಾಡ್ದ್ನಾ? ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅವನು.”

ಹೊರಗೆ ಬಂದು ಎರಡೂ ಕಾಲು ಆಡಿಸಿದ ಎಂದು ಹೇಳಿದೆ. ಭಾಯ್ ಕಣ್ಣೊರೆಸಿಕೊಂಡರು. “ಏನಂದ?” ಎಂದು ಕೇಳಿದರು. “ಎಲ್ಲರನ್ನೂ ಕೇಳಿದ,” ಅಂದೆ. ಅದಾಗಿ ಹತ್ತು ನಿಮಿಷಕ್ಕೆ ಕ್ಯಾಂಟೀನಿನಿಂದ ಅವರಿಗೆ ಎರಡು ಚಪಾತಿ ತಂದುಕೊಟ್ಟೆ. ಅಣ್ಣ ಹೇಳಿದ ಎಂದು ಹೇಳಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದದ್ದು ಹದಿನಾಲ್ಕನೇ ದಿನ. ಮೊದಲು ವಾಕರ್, ಮೂರನೇ ತಿಂಗಳಿಗೆ ಕೋಲು. ವ್ಯಾಯಾಮ ಹೇಳಿಕೊಡಲು ಒಬ್ಬರು ಬರುತ್ತಿದ್ದರು. ಅವರು ಹೋದ ಮೇಲೆ ಅದನ್ನೇ ಭಾಯ್ ಇನ್ನೊಂದು ಸಲ ಮಾಡಿಸುತ್ತಿದ್ದರು. ನಾನು ಹೋದಾಗಲೆಲ್ಲ ಕೋಣೆಯಿಂದ ಇಬ್ಬರ ದನಿ ಕೇಳುತ್ತಿತ್ತು.

“ಎತ್ತೋ ಗುರು, ಎತ್ತು. ಹತ್ತಾಯ್ತು, ಇನ್ನೈದು.”

“ಎಂಟೇ ಆಗಿದ್ದು. ಎಣಿಕೆ ಬರಲ್ವೇನಲಾ ನಿಂಗೆ?”

“ಏಳ್ನೇ ಕ್ಲಾಸಲ್ಲಿ ನಿನ್ ಲೆಕ್ಕ ಮಾಡ್ಕೊಟ್ಟೋನ್ ಯಾರು?”

ನಾನು ಬಾಗಿಲಲ್ಲಿ ನಿಂತರೆ ಅಣ್ಣ, “ಬಾ, ಕೂತ್ಕೋ,” ಅನ್ನುತ್ತಿದ್ದ. ನೆಂಟರಿಗೆ ಅನ್ನುವ ಹಾಗೆ.

ಬಲಗಾಲಿಗೆ ಬಿಸಿ ಮರಳಲಿಲ್ಲ. ಆರನೇ ತಿಂಗಳ ಪರೀಕ್ಷೆಯಲ್ಲಿ ವೈದ್ಯೆ ಮತ್ತೆ ಎರಡು ಕೊಳವೆ ಹಿಡಿದು ನೋಡಿದರು. ಪಕ್ಕೆಲುಬಿನ ಹತ್ತಿರದ ಗೆರೆ ನಾಲ್ಕು ಬೆರಳಿನಷ್ಟು ಕೆಳಗೆ ಇಳಿದಿತ್ತು, ಅಷ್ಟೆ. ಸ್ನಾನದ ನೀರನ್ನು ಬೇರೆಯವರು ಮುಟ್ಟಿ ನೋಡಿಯೇ ಹಾಕಬೇಕು ಎಂದು ಎಚ್ಚರಿಸಿದರು. ಆ ಪರೀಕ್ಷೆ ಮುಗಿಸಿ ಮನೆಗೆ ಬಂದ ದಿನ ಭಾಯ್ ಬಚ್ಚಲಿಗೆ ಹೋಗಿ ಬಕೆಟ್ಟಿನಲ್ಲಿ ಕೈಯಿಟ್ಟು, “ಸರಿಯಾಗೈತೆ,” ಅಂದರು.

“ನಿನ್ ಕೈ ನಂಬಂಗಿಲ್ಲ,” ಅಂದ ಅಣ್ಣ. “ಮೂವತ್ತು ವರ್ಷ ಬೇಸಿನ್ನಲ್ಲಿ ಬೆಂದಿರೋ ಕೈ. ನಿಂಗೆ ಸರಿಯಾಗಿರೋದು ಮನುಷ್ಯರಿಗೆ ಸರಿಯಾಗಲ್ಲ. ನಿಮ್ ಅತ್ತಿಗೆ ಕೈನೂ ಅಷ್ಟೇ ಕಣೋ,” ಎಂದು ನನ್ನ ಕಡೆ ತಿರುಗಿದ. ಅತ್ತಿಗೆಯೂ ಬೇಸಿನ್ನಿನಲ್ಲಿ ಕೂತವರೇ. “ನೀನ್ ನೋಡು. ನೀನಾದ್ರೆ ಬಡ್ಕೋತೀಯ.”

ನಾನು ಬೆರಳಿಟ್ಟೆ. ಹಿಂದಕ್ಕೆ ಎಳೆದುಕೊಂಡೆ. ಮೂವರೂ ನಕ್ಕರು.

ವಾರದ ಆರು ದಿನ ಭಾಯ್ ಬೇಸಿನ್ನಿನ ಥರ್ಮಾಮೀಟರ್ ತಂದು ಬಕೆಟ್ಟಿನಲ್ಲಿ ಅದ್ದಿ ನೋಡುತ್ತಾರೆ. ಭಾನುವಾರ ಮಧ್ಯಾಹ್ನದವರೆಗೆ ನನಗೆ ಕೆಲಸ ಕಡಿಮೆ. ಆ ದಿನ ನಾನು ಬೆಳಿಗ್ಗೆ ದೇವನಹಳ್ಳಿಯಿಂದ ಬಸ್ಸಿನಲ್ಲಿ ಹೋಗುತ್ತೇನೆ. ಗೋಡೆಯ ಮೇಲಿನ ಲ್ಯಾಮಿನೇಷನ್ ತುಣುಕು ಈಗಲೂ ಅಲ್ಲೇ ಇದೆ. ಕತ್ತರಿಸದ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಭಾಯ್‌ಗೆ ಕೊಟ್ಟೆ. ಅವರು ಅದನ್ನು ಎಲ್ಲಿ ಇಟ್ಟಿದ್ದಾರೆ ಎಂದು ನಾನು ಕೇಳಿಲ್ಲ, ಅವರು ಹೇಳಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಣ್ಣ ಮನೆಯಿಂದ ಶೆಡ್ಡಿಗೆ ಕೋಲಿಲ್ಲದೆ ನಡೆದು ಹೋಗಿ ವಾಪಸ್ ಬಂದ. ಭಾಯ್ ಅವನ ಎಡಗಡೆ ನಡೆಯುತ್ತಿದ್ದರು, ಮುಟ್ಟಿರಲಿಲ್ಲ. ನಾನು ಬಚ್ಚಲಲ್ಲಿದ್ದೆ. ನೀರು ಬಿಸಿ ಹೆಚ್ಚಿತ್ತು. ಎರಡು ಚೊಂಬು ತಣ್ಣೀರು ಬೆರೆಸಿದೆ.